ಮಿರ್ಚಿ ಜೊತೆ ಸೋಡಾ: ಅನ್ನನಾಳ ಕಾಪಾಡಿಕೊಳ್ಳುವುದು ಹೇಗೆ?

ದಾವಣಗೆರೆಯಲ್ಲಿ ಸಂಜೆಯಾದರೆ ಮಂಡಕ್ಕಿ, ಮಿರ್ಚಿ ಬೇಕೇ ಬೇಕು. ಹಿಂದೆಯೇ ಒಂದು ತಣ್ಣನೆ ಬಾಟಲಿ. ನಾಲ್ಕು ಗುಟುಕು ಇಳಿಯುವಷ್ಟರಲ್ಲಿ ಜೋರಾಗಿ ಒಂದು ತೇಗು. "ಗ್ಯಾಸ್ ಹೋಯ್ತು ನೋಡು" ಅಂತೀವಿ ಅಲ್ವಾ? ನಮ್ಮ ಚಿಕ್ಕಪ್ಪನೂ ವರ್ಷಗಟ್ಟಲೆ ಹಾಗೇ ನಂಬಿದ್ದರು. ಎದೆಯುರಿ ತಡೆಯಲಾರದೆ ಎಂಡೋಸ್ಕೋಪಿ (ಬಾಯಿಂದ ಸಣ್ಣ ಕ್ಯಾಮೆರಾ ಕೊಳವೆ ಇಳಿಸಿ ನೋಡುವ ಪರೀಕ್ಷೆ) ಮಾಡಿಸಿದಾಗ ಅನ್ನನಾಳದ ತುದಿ ಕೆಂಪಗೆ ತರಚಿದ ಹಾಗಿತ್ತು.

ಮೊದಲು ಆ ತೇಗನ್ನು ಅರ್ಥ ಮಾಡಿಕೊಳ್ಳಿ. ಅನ್ನನಾಳ ಸುಮಾರು 25 ಸೆಂಟಿಮೀಟರ್ ಉದ್ದದ ಮೆತ್ತನೆ ಕೊಳವೆ. ಅದು ಹೊಟ್ಟೆಗೆ ಸೇರುವಲ್ಲಿ, ಎಲೆಅಡಿಕೆ ಸಂಚಿಯ ಬಾಯಿಗೆ ದಾರ ಎಳೆದ ಹಾಗೆ ಸ್ನಾಯು ಬಿಗಿಯಾಗಿರುತ್ತದೆ. ಸೋಡಾದ ಗ್ಯಾಸ್ ಹೊಟ್ಟೆ ಉಬ್ಬಿಸಿದಾಗ ಆ ಬಿಗಿ ಸಡಿಲವಾಗುತ್ತದೆ. ಗಾಳಿಯ ಜೊತೆ ಹೊಟ್ಟೆಯ ಆಸಿಡ್ಡೂ ಮೇಲೆ ಬರಬಹುದು. ಹೊಟ್ಟೆಗೆ ಲೋಳೆಯ ದಪ್ಪ ಹೊದಿಕೆ ಇದೆ, ಅನ್ನನಾಳಕ್ಕೆ ಅಷ್ಟು ರಕ್ಷಣೆ ಇಲ್ಲ.

ಕೋಲಾ ಕೂಡ ಹುಳಿಯೇ. ಹುಳಿ ಅಳೆಯುವ ಲೆಕ್ಕ ಪಿಎಚ್, ಅದು ಕಡಿಮೆಯಾದಷ್ಟೂ ಹುಳಿ ಜಾಸ್ತಿ. ನೀರಿನ ಪಿಎಚ್ 7 ಆದರೆ ಕೋಲಾದ್ದು ಸುಮಾರು 2.5, ನಿಂಬೆರಸಕ್ಕೆ ಹತ್ತಿರ. ಆದರೆ ಕೆಲವೇ ಸೆಕೆಂಡಿನಲ್ಲಿ ಇಳಿದುಹೋಗುತ್ತದೆ, ಉಳಿದದ್ದನ್ನು ಜೊಲ್ಲು ತೊಳೆಯುತ್ತದೆ. ಆರೋಗ್ಯವಾಗಿರುವವರು ಅಪರೂಪಕ್ಕೆ ಒಂದು ಗ್ಲಾಸ್ ಕುಡಿದರೆ ಹೆದರಬೇಕಿಲ್ಲ. ಈಗಾಗಲೇ ಕೆಂಪಾದ ಪದರಕ್ಕೆ ಮಾತ್ರ ಅದು ಗಾಯಕ್ಕೆ ನಿಂಬೆಹಣ್ಣು ಹಿಂಡಿದ ಹಾಗೆ.

ಎದೆಯುರಿ ಇದ್ದರೆ ಎರಡು ವಾರ ಸೋಡಾ, ಕೋಲಾ ಪೂರ್ತಿ ಬಿಟ್ಟು ನೋಡಿ. ವ್ಯತ್ಯಾಸ ಆಗುತ್ತದೋ ಇಲ್ಲವೋ ನಿಮಗೇ ಗೊತ್ತಾಗುತ್ತದೆ. ಆಮೇಲೂ ಕುಡಿಯಲೇಬೇಕು ಅನ್ನಿಸಿದರೆ ಸಣ್ಣ ಗ್ಲಾಸು ಸಾಕು, ಹೊಟ್ಟೆ ಬಿರಿಯ ತಿಂದ ಮೇಲೆ ಬೇಡ. ಎಣ್ಣೆ ತಿಂಡಿ ಹೊಟ್ಟೆಯಲ್ಲಿ ಜಾಸ್ತಿ ಹೊತ್ತು ಕೂರುತ್ತದೆ, ಅದರ ಮೇಲೆ ಗ್ಯಾಸ್ ತುಂಬಿದರೆ ಒತ್ತಡ ಹೆಚ್ಚುತ್ತದೆ. ಸ್ಟ್ರಾ ಹಾಕಿ ಕುಡಿದರೆ ಹಲ್ಲಿಗೆ ಸ್ವಲ್ಪ ಒಳ್ಳೆಯದು, ಅನ್ನನಾಳಕ್ಕೆ ಲಾಭವಿಲ್ಲ. ಚಿಕ್ಕಪ್ಪ ಮಿರ್ಚಿ ಬಿಟ್ಟಿಲ್ಲ. ಎರಡಕ್ಕೆ ನಿಲ್ಲಿಸಿ ನೀರು ಕುಡಿಯುತ್ತಾರೆ.

ರಾತ್ರಿ ಹೊತ್ತು ಇನ್ನೂ ಹುಷಾರು. ಮಲಗಿದರೆ ಆಸಿಡ್ ಸುಲಭವಾಗಿ ಮೇಲೆ ಹರಿಯುತ್ತದೆ, ನಿದ್ದೆಯಲ್ಲಿ ಜೊಲ್ಲೂ ಕಡಿಮೆ. ಊಟಕ್ಕೂ ನಿದ್ದೆಗೂ ಮೂರು ಗಂಟೆ ಬಿಡಿ. ಮಂಚದ ತಲೆಕಡೆ ಕಾಲುಗಳ ಕೆಳಗೆ ಅರ್ಧ ಅಡಿ ಮರದ ತುಂಡು ಇಡಿ. ಸುಮ್ನೆ ಎರಡು ದಿಂಬು ಹಾಕಿದರೆ ಕುತ್ತಿಗೆಯಷ್ಟೇ ಬಾಗುತ್ತದೆ. ಎಡಮಗ್ಗುಲಲ್ಲಿ ಮಲಗಿ.

ಮುದ್ದೆ ಇಳಿಯದೆ ಎದೆಯಲ್ಲಿ ನಿಂತಂತಾದರೆ, ಕಾರಣವಿಲ್ಲದೆ ತೂಕ ಇಳಿದರೆ ಮನೆಮದ್ದು ಮಾಡುತ್ತಾ ಕೂರಬೇಡಿ, ಡಾಕ್ಟರಿಗೆ ತೋರಿಸಿ. ರಕ್ತ ವಾಂತಿಯಾದರೆ, ಮಲ ಟಾರಿನಂತೆ ಕಪ್ಪಾದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಎದೆನೋವಿನ ಜೊತೆ ಬೆವರು ಬಂದು, ತೋಳು ದವಡೆ ಎಳೆದರೆ "ಗ್ಯಾಸ್ ಇರಬೇಕು, ಒಂದು ಸೋಡಾ ತಾ" ಅನ್ನಬೇಡಿ. ಅದು ಹೃದಯಾಘಾತ ಇರಬಹುದು, ಕೂಡಲೇ 108ಕ್ಕೆ ಫೋನ್ ಮಾಡಿ.