ಮುಂದಿನ ತಿಂಗಳು ಎಷ್ಟು ಬ್ಲಾಕ್ ಹೋಗುತ್ತೆ? ಸೆಂಟ್ರಿಂಗ್ ಬಾಡಿಗೆಯವರಿಗೆ ಗೊತ್ತು

ತುಮಕೂರಿನ ಹೊರವಲಯದಲ್ಲಿ ಗೋಡೆ ಕಟ್ಟುವ ಕಾಂಕ್ರೀಟ್ ಬ್ಲಾಕ್ ಮಾಡುವ ನಮ್ಮದೊಂದು ಸಣ್ಣ ಸಾಲಿಡ್ ಬ್ಲಾಕ್ ಯೂನಿಟ್ ಇದೆ. ಇವತ್ತು ಹಾಕಿದ ಬ್ಲಾಕನ್ನು ನಾಳೆ ಲೋಡ್ ಮಾಡುವ ಹಾಗಿಲ್ಲ. ಎರಡು ವಾರ ನೀರು ಹೊಡೆಯಬೇಕು, ಆಮೇಲೆ ಚೆನ್ನಾಗಿ ಒಣಗಬೇಕು. ಹತ್ತಿರ ಹತ್ತಿರ ಒಂದು ತಿಂಗಳು ಬೇಕು. ಹಾಗಾಗಿ ಮುಂದಿನ ತಿಂಗಳ ಬೇಡಿಕೆಯ ಲೆಕ್ಕ ಈ ತಿಂಗಳೇ ಕೈಯಲ್ಲಿರಬೇಕು.

ಸೈಟ್ ವ್ಯಾಪಾರ ಜೋರಾಗಿದೆ ಅನ್ನೋ ಸುದ್ದಿಯನ್ನು ನಾನು ನೆಚ್ಚಿಕೊಳ್ಳುವುದಿಲ್ಲ. ಸೈಟ್ ತಗೊಂಡು ಹತ್ತು ವರ್ಷ ಸುಮ್ನೆ ಬಿಟ್ಟವರು ಎಷ್ಟು ಜನ ಇಲ್ಲ! ನಾನು ನೋಡುವುದು ಮೋಲ್ಡ್, ಅಂದರೆ ಮನೆಯ ತಾರಸಿ ಕಾಂಕ್ರೀಟ್. ಪಿಲ್ಲರ್ ಮನೆಗಳಲ್ಲಿ ಮೋಲ್ಡ್ ಹಾಕಿ, ಅದಕ್ಕೆ ಕೆಳಗಿನಿಂದ ಆಸರೆ ಕೊಟ್ಟ ಜಾಕ್ ಬಿಚ್ಚಿದ ಮೇಲೇ ಗೋಡೆ ಏಳುವುದು. ಇವತ್ತು ಮೋಲ್ಡ್ ಆದ ಮನೆಗೆ ಎರಡು ಮೂರು ವಾರದಲ್ಲಿ ಬ್ಲಾಕ್ ಬೇಕು. ಅದಕ್ಕೂ ಮೊದಲೇ ಸುಳಿವು ಸಿಗುವುದು ಸೆಂಟ್ರಿಂಗ್ ಸಾಮಾನು, ಅಂದರೆ ಮೋಲ್ಡ್ ಹಾಕಲು ಬೇಕಾದ ಶೀಟು, ಜಾಕ್ ಬಾಡಿಗೆಗೆ ಕೊಡುವವರ ಹತ್ತಿರ. ಅವೆಲ್ಲ ಹೊರಗೆ ಹೋಗಿ ಅವರ ಗೋಡೌನ್ ಖಾಲಿಯಾಗಿದ್ದರೆ ನಾನು ಆವತ್ತೇ ಸಿಮೆಂಟ್ ಆರ್ಡರ್ ಜಾಸ್ತಿ ಮಾಡುತ್ತೇನೆ. ಸಾಮಾನೆಲ್ಲ ಅಲ್ಲೇ ಪೇರಿಸಿಟ್ಟಿದ್ದರೆ ಒಂದು ಮಿಷನ್ ನಿಲ್ಲಿಸುತ್ತೇನೆ.

ಆಮೇಲೆ ಬೈಕಿನಲ್ಲಿ ಬಡಾವಣೆಗಳನ್ನು ಸುತ್ತಿ ಬರುತ್ತೇನೆ. ನೋಟ್‌ಬುಕ್ಕಿನಲ್ಲಿ ಮೂರೇ ಕಲಂ: ಪಾಯ, ಪಿಲ್ಲರ್, ಮೋಲ್ಡ್. 30x40 ಸೈಟಿನಲ್ಲಿ ಸುತ್ತ ಜಾಗ ಬಿಟ್ಟು ಕಟ್ಟಿದರೆ ಒಂದು ಅಂತಸ್ತಿನ ಹೊರಗೋಡೆ ಕಿಟಕಿ ಬಾಗಿಲು ಕಳೆದು ಸುಮಾರು 1000 ಚದರ ಅಡಿ. ಅಷ್ಟಕ್ಕೆ 6 ಇಂಚಿನ ಬ್ಲಾಕ್ 1100ರ ಆಸುಪಾಸು. ಒಳಗೋಡೆಯ 4 ಇಂಚಿನದು ಬೇರೆ. ಎಲ್ಲ ಮನೆಯೂ ನಮ್ಮ ಹತ್ತಿರವೇ ಬರಲ್ಲ, ಅಲ್ವಾ? ಹಿಂದಿನ ತಿಂಗಳು ಎಣಿಸಿದ ಮನೆಗಳಲ್ಲಿ ನಮ್ಮ ಬಿಲ್ ಬುಕ್ಕಿಗೆ ಎಷ್ಟು ಬಂದವು ಅಂತ ನೋಡಿ, ಅದೇ ಪಾಲಿನಲ್ಲಿ ಈ ಸಲದ್ದನ್ನು ಇಳಿಸುತ್ತೇನೆ.

ಆಷಾಢದಲ್ಲಿ ವ್ಯಾಪಾರ ಬೀಳುತ್ತದೆ ಅಂತ ಹೊಸಬರು ಹೆದರುತ್ತಾರೆ. ನಮ್ಮ ಲೈನಿನಲ್ಲಿ ಹಾಗಲ್ಲ. ಆಷಾಢದಲ್ಲಿ ಹೊಸ ಗುದ್ದಲಿ ಪೂಜೆ ನಿಲ್ಲುತ್ತದೆ, ಆದರೆ ಮೊದಲೇ ಶುರುವಾದ ಮನೆಗಳ ಕೆಲಸ ನಡೆಯುತ್ತಲೇ ಇರುತ್ತದೆ. ಪಾಯವೇ ಬೀಳದ ಆ ತಿಂಗಳ ಪೆಟ್ಟು ನಮಗೆ ತಟ್ಟುವುದು ದಸರಾ ಹೊತ್ತಿಗೆ. ಧನುರ್ಮಾಸದ್ದೂ ಇದೇ ಕಥೆ, ಅದರ ಖಾಲಿ ಕಾಣುವುದು ಮಾರ್ಚ್‌ನಲ್ಲಿ. ಮಾರ್ಚ್ 31ರೊಳಗೆ ಬಿಲ್ ಮಾಡಿಸಿಕೊಳ್ಳಲು ಓಡಾಡುವ ಸರ್ಕಾರಿ ಕೆಲಸದ ಗುತ್ತಿಗೆದಾರರು ಆಗ ಸ್ವಲ್ಪ ತುಂಬಿಕೊಡುತ್ತಾರೆ.

ಸರ್ಕಾರಿ ಕೆಲಸಕ್ಕೆ ರಾಜ್ಯ ಸರ್ಕಾರದ ಟೆಂಡರ್‌ಗಳು ಬರುವ ಕೆಪಿಪಿಪಿ ಪೋರ್ಟಲ್ ನೋಡುತ್ತೇನೆ. ಶಾಲೆ ಕೊಠಡಿ, ಕಾಂಪೌಂಡ್ ಟೆಂಡರ್‌ಗಳ ಎಸ್ಟಿಮೇಟಿನಲ್ಲಿ ಬ್ಲಾಕ್ ಗೋಡೆಯನ್ನು ಘನ ಮೀಟರಿನಲ್ಲಿ ಬರೆದಿರುತ್ತಾರೆ. 6 ಇಂಚಿನದಾದರೆ ಒಂದು ಘನ ಮೀಟರಿಗೆ 75 ಅಂತ ಹಿಡಿಯಬಹುದು. ಟೆಂಡರ್ ಕಂಡ ಕೂಡಲೇ ಮಾತ್ರ ಎಣಿಸಬೇಡಿ. ವರ್ಕ್ ಆರ್ಡರ್ ಸಿಗುವುದು ಯಾವಾಗಲೋ, ನಡುವೆ ಚುನಾವಣೆ ನೀತಿ ಸಂಹಿತೆ ಬಂದರೆ ಇನ್ನೂ ತಡ. ಜೆಸಿಬಿ ಇಳಿದ ಮೇಲೆ ನೋಟ್‌ಬುಕ್ಕಿಗೆ ಬರೆದುಕೊಳ್ಳುತ್ತೇನೆ.

ಇಷ್ಟಾದರೂ ಒಂದೇ ಸಂಖ್ಯೆ ಸಿಗುವುದಿಲ್ಲ, ಇಷ್ಟರಿಂದ ಇಷ್ಟರವರೆಗೆ ಅಂತ ಸಿಗುತ್ತದೆ. ನಾನು ಮೇಲಿನದ್ದನ್ನೇ ಹಿಡಿಯುತ್ತೇನೆ. ರೆಡಿಮಿಕ್ಸ್‌ನವರಿಗೆ ಆ ಸೌಕರ್ಯವಿಲ್ಲ, ಕಲಸಿದ ಕಾಂಕ್ರೀಟನ್ನು ಎರಡು ಗಂಟೆಯೊಳಗೆ ಸುರಿಯಲೇಬೇಕು. ಬ್ಲಾಕ್ ಮಿಕ್ಕರೆ ಅಂಗಳದಲ್ಲಿ ಕೂತಿರುತ್ತದೆ, ಬಡ್ಡಿ ಅಷ್ಟೇ ದಂಡ. ಕಮ್ಮಿ ಬಿದ್ದರೆ ಹಸಿ ಬ್ಲಾಕ್ ಕಳಿಸುವ ಆಸೆ ಹುಟ್ಟುತ್ತದೆ, ಆಮೇಲೆ ಗೋಡೆ ಬಿರುಕು ಬಿಟ್ಟರೆ ಮೇಸ್ತ್ರಿ ಮತ್ತೆ ನಮ್ಮ ಕಡೆ ಬರುವುದಿಲ್ಲ.