ಅಮ್ಮನ ವಿಮಾನ ಪ್ರಯಾಣದ ಲೆಕ್ಕ ನಾನು ಹಾಕಿದ್ದು ಹೀಗೆ

ಡಿಸೆಂಬರಿನಲ್ಲಿ ಅಮ್ಮ ಮೈಸೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋ ಹತ್ತಿರದ ನಮ್ಮನೆಗೆ ಮೊದಲ ಸಲ ಹೊರಟರು. ಟಿಕೆಟ್ ನೋಡಿ ಫೋನಿನಲ್ಲಿ ಕೇಳಿದರು, "ಮಧ್ಯಾಹ್ನ ಎರಡೂವರೆಗೆ ಬೆಂಗಳೂರು ಬಿಟ್ಟು ಅವತ್ತೇ ಸಂಜೆ ಐದಕ್ಕೆ ಅಲ್ಲಿ ಅಂತಿದೆಯಲ್ಲೋ, ಅದು ಹೇಗೆ?"

ಟಿಕೆಟ್‌ನಲ್ಲಿ ಆಯಾ ಊರಿನ ಗಡಿಯಾರದ ಸಮಯ ಇರುತ್ತೆ. ಚಳಿಗಾಲದಲ್ಲಿ ನಮ್ಮೂರು ಇಲ್ಲಿಗಿಂತ ಹದಿಮೂರೂವರೆ ಗಂಟೆ ಮುಂದೆ, ಬೇಸಿಗೆಯಲ್ಲಿ ಹನ್ನೆರಡೂವರೆ. ಆ ಹದಿಮೂರೂವರೆಗೆ ಟಿಕೆಟ್‌ನಲ್ಲಿ ಹೊರಡುವುದಕ್ಕೂ ಇಳಿಯುವುದಕ್ಕೂ ನಡುವೆ ಕಾಣುವ ಎರಡೂವರೆ ಗಂಟೆ ಕೂಡಿಸಿದರೆ ಹಾರಾಟ 16 ಗಂಟೆ.

ಇದು ಸರಿಯಾ ಅಂತ ಮಗಳ ಗ್ಲೋಬ್ ತೆಗೆದುಕೊಂಡು ಹೊಲಿಗೆ ದಾರ ಹಿಡಿದು ನೋಡಿದೆ. ಗ್ಲೋಬಿನ ಸುತ್ತಳತೆ 94 ಸೆಂ.ಮೀ., ಭೂಮಿಯದ್ದು ಸುಮಾರು 40,000 ಕಿ.ಮೀ. ಅಂದರೆ ಒಂದು ಸೆಂಟಿಮೀಟರಿಗೆ 425 ಕಿ.ಮೀ. ಬೆಂಗಳೂರಿನ ಮೇಲೆ ದಾರದ ತುದಿ ಒತ್ತಿ ಹಿಡಿದು ಬಿಗಿಯಾಗಿ ಎಳೆದರೆ ಅದು ಟಿಬೆಟ್, ಮಂಗೋಲಿಯಾ, ಸೈಬೀರಿಯಾ ದಾಟಿ ಅಲಾಸ್ಕಾ ಕಡೆಯಿಂದ ಕೆಳಗಿಳಿಯಿತು. ಗೋಡೆಯ ನಕ್ಷೆ ನೋಡಿದವರು ಯಾರೂ ಈ ದಾರಿ ಊಹಿಸಲ್ಲ! ದಾರದ ಉದ್ದ 33 ಸೆಂ.ಮೀ., ಅಂದರೆ 14,000 ಕಿ.ಮೀ. ಗಂಟೆಗೆ 900 ಕಿ.ಮೀ. ವೇಗ ಅಂತ ಹಿಡಿದರೆ ಹದಿನೈದೂವರೆ ಗಂಟೆ. ಗಾಳಿ, ಆಕಾಶದ ಗಡಿಗಳನ್ನು ನೋಡಿಕೊಂಡು ವಿಮಾನ ಸ್ವಲ್ಪ ಸುತ್ತಿಯೇ ಹೋಗುತ್ತೆ, ಹಾಗಾಗಿ 16 ಸರಿಯಾಗೇ ಇದೆ.

ಫ್ರಾಂಕ್‌ಫರ್ಟ್ ಮೇಲೆ ಬಂದರೆ ದೂರ 2,500 ಕಿ.ಮೀ. ಮಾತ್ರ ಜಾಸ್ತಿ. ಆದರೆ ಅಲ್ಲಿ ಕಾಯುವುದೂ ಸೇರಿ 25 ಗಂಟೆ ಹತ್ತಿರ ಆಗುತ್ತಿತ್ತು. ಮಂಡಿ ನೋವಿರುವ ಅಮ್ಮನಿಗೆ ಅದು ಬೇಡ ಅನ್ನಿಸಿತು.

ನನಗೆ ಮುಖ್ಯವಾಗಿದ್ದು ಮನೆಯಿಂದ ಮನೆಗೆ ಎಷ್ಟು ಹೊತ್ತು ಅನ್ನೋದು. ಅದಕ್ಕೆ ಎಲ್ಲವನ್ನೂ ಊರಿನ ಗಡಿಯಾರದಲ್ಲೇ ಬರೆದೆ. ಬೆಳಿಗ್ಗೆ ಆರೂವರೆಗೆ ಮೈಸೂರು ಬಿಡುವುದು, ಹನ್ನೊಂದೂವರೆಗೆ ಏರ್‌ಪೋರ್ಟ್, ಎರಡೂವರೆಗೆ ವಿಮಾನ, ರಾತ್ರಿ ಒಂಬತ್ತಕ್ಕೆ ಬಿಪಿ ಮಾತ್ರೆ, ಮರುದಿನ ಬೆಳಿಗ್ಗೆ ಆರೂವರೆಗೆ ಇಳಿಯುವುದು. ಮಾತ್ರೆಯ ಸಮಯ ಡಾಕ್ಟರನ್ನು ಕೇಳಿಯೇ ಬರೆದಿದ್ದು. ಅಮ್ಮ ತಮ್ಮ ಹಳೇ ಎಚ್‌ಎಂಟಿ ವಾಚಿಗೆ ಕೀ ಕೊಟ್ಟುಕೊಂಡು ಕೈಗೆ ಕಟ್ಟಿಕೊಂಡರು, ಮುಳ್ಳು ಮುಟ್ಟಲಿಲ್ಲ. ಇಮಿಗ್ರೇಷನ್, ಸಾಮಾನು ಎಲ್ಲ ಮುಗಿಸಿ ಮನೆಗೆ ಬಂದಾಗ ಇಲ್ಲಿ ರಾತ್ರಿ ಎಂಟು, ಆ ವಾಚಿನಲ್ಲಿ ಒಂಬತ್ತೂವರೆ. ಒಟ್ಟು 27 ಗಂಟೆ. ಮಾತ್ರೆ ಸರಿಯಾದ ಹೊತ್ತಿಗೇ ತಗೊಂಡಿದ್ದರು.

ವಾಪಸ್ ಹೋಗುವಾಗ ಎದುರುಗಾಳಿ, ಹದಿನೇಳು ಮುಕ್ಕಾಲು ಗಂಟೆ. ಶನಿವಾರ ರಾತ್ರಿ ಎಂಟೂವರೆಗೆ ಇಲ್ಲಿ ಹತ್ತಿದರೆ ಬೆಂಗಳೂರಿನಲ್ಲಿ ಇಳಿಯುವುದು ಸೋಮವಾರ ಬೆಳಗಿನ ಜಾವ 3:45ಕ್ಕೆ. ತಮ್ಮನಿಗೆ ಸುಮ್ನೆ "ಸೋಮವಾರ ಬರ್ತಾರೆ" ಅನ್ನದೆ, ಭಾನುವಾರ ರಾತ್ರಿ ಹನ್ನೊಂದಕ್ಕೇ ಮೈಸೂರು ಬಿಡು ಅಂತ ಹೇಳಿದೆ.