ಕಾಂಟ್ರಾಸ್ಟ್ ಅಲ್ಟ್ರಾಸೌಂಡ್‌ನಲ್ಲಿ ರಕ್ತನಾಳ ಚೆನ್ನಾಗಿ ಕಾಣ್ಬೇಕಾ? ಮೊದ್ಲು ಗುಳ್ಳೆ ಉಳಿಸ್ಕೊಳ್ಳಿ (ನನ್ನ ಅನುಭವ)

ನಾನು ಶಿವಮೊಗ್ಗದಲ್ಲಿ ರೇಡಿಯಾಲಜಿಸ್ಟ್. ರಕ್ತನಾಳದ ಕಾಂಟ್ರಾಸ್ಟ್ ಅಲ್ಟ್ರಾಸೌಂಡ್ (ಸಣ್ಣ ಗುಳ್ಳೆಗಳಿರೋ ದ್ರವ ರಕ್ತಕ್ಕೆ ಕೊಟ್ಟು ಮಾಡೋ ಸ್ಕ್ಯಾನ್) ಅಂದ್ರೆ ನಂಗೆ ಬಹಳ ಇಷ್ಟದ ಕೆಲ್ಸ. ಹೊಸದಾಗಿ ಶುರು ಮಾಡಿದ ಜೂನಿಯರ್‌ಗಳು ಫೋನ್ ಮಾಡಿ ಇಮೇಜ್ ಚೆನ್ನಾಗಿ ಬರ್ತಿಲ್ಲ ಸಾರ್, ಮಷಿನ್ ಹಳೇದಾಯ್ತೇನೋ ಅಂತಾರೆ. ಮಷಿನ್ ವಿಷ್ಯ ಆಮೇಲೆ, ಕೈಗೆ ಯಾವ ಬಣ್ಣದ ಕ್ಯಾನುಲಾ (ವೇನ್‌ಗೆ ಹಾಕೋ ಸಣ್ಣ ನಳಿಕೆ) ಹಾಕಿದ್ರಿ ಅದನ್ನ ಮೊದ್ಲು ಹೇಳಿ ಅಂತೀನಿ.

ಯಾಕಂದ್ರೆ ನಾವು ಬಳಸೋ ಕಾಂಟ್ರಾಸ್ಟ್ ಔಷಧಿ ಸೋನೋವ್ಯೂನಲ್ಲಿ ಇರೋದು ಸಲ್ಫರ್ ಹೆಕ್ಸಾಫ್ಲೋರೈಡ್ ಗ್ಯಾಸ್ ತುಂಬಿದ ಗುಳ್ಳೆಗಳು, ಸರಾಸರಿ 2.5 ಮೈಕ್ರಾನ್, ಕೆಂಪು ರಕ್ತಕಣಕ್ಕಿಂತ್ಲೂ ಚಿಕ್ಕವು, ಹೊರಗಡೆ ಫಾಸ್ಫೋಲಿಪಿಡ್‌ನ ತೆಳ್ಳನೆ ಪದರ ಅಷ್ಟೇ. ರಕ್ತನಾಳ ಬಿಟ್ಟು ಆಚೆ ಹೋಗಲ್ಲ, ಗ್ಯಾಸ್ ಉಸಿರಲ್ಲೇ ಹೊರಗೆ ಹೋಗ್ಬಿಡುತ್ತೆ, ಕಿಡ್ನಿ ಮೇಲೆ ಭಾರ ಬೀಳಲ್ಲ. ದೊಡ್ಡ ಊರಲ್ಲಿ ಹೊಟ್ಟೆಯ ಮಹಾಪಧಮನಿ ಉಬ್ಬಿ ಆದ ಗಂಟಿಗೆ ಸ್ಟೆಂಟ್ ಗ್ರಾಫ್ಟ್ (ಲೋಹದ ಜಾಲರಿ ಇರೋ ಕೃತಕ ನಾಳ) ಹಾಕಿಸ್ಕೊಂಡು ಬಂದಿರೋ, ಕ್ರಿಯಾಟಿನಿನ್ ಜಾಸ್ತಿ ಇರೋ (ಅಂದ್ರೆ ಕಿಡ್ನಿ ಸೋತಿರೋ) ತೀರ್ಥಹಳ್ಳಿ, ಹೊಸನಗರ ಕಡೆಯ ಹಿರಿಯರಿಗೆ ಪದೇ ಪದೇ ಸಿಟಿ ಆಂಜಿಯೋ ಮಾಡ್ಸೋಕಾಗಲ್ಲ, ಅಂಥವ್ರಿಗೆ ಈ ಟೆಸ್ಟ್ ನಿಜಕ್ಕೂ ದೊಡ್ಡ ಉಪಕಾರ. ಆದ್ರೆ ಗುಳ್ಳೆ ರಕ್ತನಾಳ ತಲುಪೋ ಮುಂಚೆನೇ ಒಡೆದು ಹೋದ್ರೆ ಯಾವ ಮಷಿನ್ ಇದ್ದೂ ಏನೂ ಪ್ರಯೋಜನ ಇಲ್ಲ.

ಅದಕ್ಕೆ ನಾನು ಪಿಂಕ್ ಕ್ಯಾನುಲಾನೇ ಕೇಳ್ತೀನಿ, 20 ಗೇಜ್, ಮೊಣಕೈ ಒಳಗಿನ ದೊಡ್ಡ ವೇನ್‌ಗೆ. ವಯಸ್ಸಾದವ್ರಿಗೆ ವೇನ್ ಸಿಗಲ್ಲ ಅಂತ ಸಿಸ್ಟರ್ ಹಳದಿದು ಹಾಕೋಕೆ ಹೋಗ್ತಾರೆ, ಆ ಸಣ್ಣ ಕಿಂಡೀಲಿ ಜೋರಾಗಿ ತಳ್ಳಿದ್ರೆ ಅರ್ಧ ಗುಳ್ಳೆ ಅಲ್ಲೇ ಮುಗೀತು. ವಯಲ್‌ಗೆ 5 ಎಂಎಲ್ ಸಲೈನ್ ಹಾಕಿ 20 ಸೆಕೆಂಡ್ ಚೆನ್ನಾಗಿ ಕುಲುಕಿ, ಹಾಲಿನ ಥರ ಬೆಳ್ಳಗೆ ಆಗ್ಬೇಕು. ಸಿರಿಂಜ್‌ಗೆ ಎಳೆಯೋವಾಗ ನಿಧಾನ, ರಭಸವಾಗಿ ಎಳೆದ್ರೂ ಒಡೀತವೆ. ತುಂಬಿಟ್ಟು ಪೇಷಂಟ್‌ನ ಮಲಗ್ಸೋದು, ಪ್ರೋಬ್ ಹುಡುಕೋದು ಮಾಡೋಷ್ಟರಲ್ಲಿ ಗುಳ್ಳೆಗಳು ಮೇಲಕ್ಕೆ ತೇಲಿ ಕೆಳಗೆ ತಿಳಿನೀರು ನಿಂತಿರುತ್ತೆ, ಸಿರಿಂಜ್ ಬೆಳಕಿಗೆ ಹಿಡಿದು ನೋಡಿ, ಗೊತ್ತಾಗುತ್ತೆ. ಇಂಜೆಕ್ಟ್ ಮಾಡೋ ಮುಂಚೆ ಮೆಲ್ಲಗೆ ತಿರುವಿ ಬೆರೆಸ್ಬೇಕು. ಥ್ರೀ ವೇ (ಮೂರು ದಾರಿಯ ಸಣ್ಣ ನಲ್ಲಿ) ಹಾಕಿದ್ರೆ ಕಾಂಟ್ರಾಸ್ಟ್ ನೇರ ದಾರೀಲಿ ಹೋಗ್ಲಿ, ಪಕ್ಕದ ಕಿಂಡಿ ಸಲೈನ್‌ಗೆ.

ಇನ್ನು ಮಷಿನ್. ಎಂಐ (ಮೆಕ್ಯಾನಿಕಲ್ ಇಂಡೆಕ್ಸ್, ಅಂದ್ರೆ ಅಲ್ಟ್ರಾಸೌಂಡ್ ಅಲೆಯ ಜೋರು ತೋರ್ಸೋ ಸಂಖ್ಯೆ) ಕಮ್ಮಿ ಇಡಿ, ನಾನು 0.1ರ ಒಳಗೇ ಇಡೋದು. ಜಾಸ್ತಿ ಮಾಡಿದ್ರೆ ಶುರೂಲಿ ಹೊಳಪು ಚೆನ್ನಾಗೇ ಕಾಣುತ್ತೆ, ಆಮೇಲೆ ನೋಡ್ತಾ ನೋಡ್ತಾ ಕಪ್ಪಾಗುತ್ತೆ, ಯಾಕಂದ್ರೆ ಪ್ರೋಬೇ ಗುಳ್ಳೆ ಒಡೀತಿರುತ್ತೆ. ಫೋಕಸ್ ನಾಳದ ಸ್ವಲ್ಪ ಕೆಳಗೆ ಇರ್ಲಿ. ಇಂಜೆಕ್ಷನ್‌ಗೆ ಮುಂಚೆ ಸ್ಕ್ರೀನ್‌ನ ಕಾಂಟ್ರಾಸ್ಟ್ ಕಡೆಯ ಚಿತ್ರ ಹೆಚ್ಚುಕಮ್ಮಿ ಪೂರ್ತಿ ಕಪ್ಪಿರ್ಬೇಕು, ಗೇನ್ (ಚಿತ್ರದ ಹೊಳಪು ಹೆಚ್ಚಿಸೋ ಸೆಟ್ಟಿಂಗ್) ಅಲ್ಲಿಗೆ ನಿಲ್ಸಿ, ಮತ್ತೆ ಆ ಕಪ್ಪು ಚಿತ್ರದ್ದೇ ಒಂದು ಕ್ಲಿಪ್ ಸೇವ್ ಮಾಡ್ಕೊಳ್ಳಿ, ಇದನ್ನ ಮಾತ್ರ ಬಿಡ್ಲೇಬೇಡಿ. ಗೋಡೆಯ ಕ್ಯಾಲ್ಸಿಯಂ, ಗ್ರಾಫ್ಟ್‌ನ ಲೋಹ ಎರಡೂ ಕಾಂಟ್ರಾಸ್ಟ್ ಇಲ್ದೇನೇ ಹೊಳೀತವೆ, ಮುಂಚಿನ ಕ್ಲಿಪ್ ಇಲ್ದಿದ್ರೆ ಅದನ್ನೇ ಲೀಕ್ (ಗ್ರಾಫ್ಟ್ ಹೊರಗೆ, ಗಂಟಿನೊಳಗೆ ರಕ್ತ ಸೇರೋದು) ಅಂದ್ಕೊಳ್ತೀರಿ. ಮಳೆಗಾಲದಲ್ಲಿ ಕರೆಂಟ್ ಹೋಗಿ ಜನರೇಟರ್ ಮೇಲೆ ಓಡ್ತಿದ್ರೆ ಚಿತ್ರದಲ್ಲಿ ಗೆರೆ ಗೆರೆ ನಾಯ್ಸ್ ಬರೋದುಂಟು, ಕಮ್ಮಿ ಪವರ್‌ನಲ್ಲಿ ಅದು ಇನ್ನೂ ಎದ್ದು ಕಾಣುತ್ತೆ, ತುರ್ತಿಲ್ಲಾಂದ್ರೆ ಕರೆಂಟ್ ಬರೋವರೆಗೂ ಕಾಯೋದೇ ಒಳ್ಳೇದು.

ಡೋಸ್ ಬಗ್ಗೆ. ಕಾಣ್ತಿಲ್ಲ ಅಂದ ತಕ್ಷಣ ಇನ್ನೊಂದಿಷ್ಟು ಕೊಡೋಣ ಅನ್ನೋ ಆಸೆ ಬರುತ್ತೆ, ಆದ್ರೆ ಆಗುಂಬೆ ಘಾಟಿಯ ಮಂಜಲ್ಲಿ ಹೈ ಬೀಮ್ ಹಾಕಿದ್ರೆ ಹೆಂಗೆ ಮುಂದೆ ಬರೀ ಬಿಳಿ ಗೋಡೆಯೋ ಹಂಗೇ ಇದು, ಮೇಲಿನ ಭಾಗ ಪೂರ್ತಿ ಬೆಳ್ಳಗಾಗಿ ಆಳದಲ್ಲಿ ನೆರಳು ಬೀಳುತ್ತೆ. ಹೊಟ್ಟೆಗೆ ಕನ್ವೆಕ್ಸ್ (ಬಾಗಿದ ಮುಖದ) ಪ್ರೋಬ್‌ನಲ್ಲಿ ಮಾಮೂಲಿ ಡೋಸ್ ಆದ 2.4 ಎಂಎಲ್‌ಗಿಂತ ಕಮ್ಮೀಲೇ ಎಷ್ಟೋ ಸಲ ಚೆನ್ನಾಗಿ ಬರುತ್ತೆ.

ಹೊಸನಗರ ಕಡೆಯ ಒಬ್ರು ಅಡಿಕೆ ಬೆಳೆಗಾರರು ಬಂದಿದ್ರು, ಗ್ರಾಫ್ಟ್ ಹಾಕಿದ್ಮೇಲೂ ಗಂಟು ಕುಗ್ಗಿರ್ಲಿಲ್ಲ. ಕಾಂಟ್ರಾಸ್ಟ್ ಬಂತು, ಗ್ರಾಫ್ಟ್ ಒಳಗೆ ಚೆಂದವಾಗಿ ತುಂಬ್ತು, ಹೊರಗೆ ಏನೂ ಇಲ್ಲ. ಅಷ್ಟಕ್ಕೇ ನಿಲ್ಸಿದ್ರೆ ನಾರ್ಮಲ್ ಅಂತ ಬರೀತಿದ್ದೆ. ನಾನು 5 ನಿಮಿಷ ಆಗೋವರೆಗೂ ನೋಡೋದು ಬಿಡಲ್ಲ, ಆದ್ರೆ ಒಂದೇ ಸಮನೆ ಸ್ಕ್ಯಾನ್ ಮಾಡಲ್ಲ, ಫ್ರೀಜ್ ಮಾಡೋದು, ಸ್ವಲ್ಪ ಬಿಟ್ಟು ಒಂದ್ಸಲ ನೋಡೋದು, ಗುಳ್ಳೆ ಉಳೀಬೇಕಲ್ಲ. ಹಂಗೆ ನೋಡ್ತಿರೋವಾಗ ಗಂಟಿನ ಹಿಂಭಾಗದಲ್ಲಿ, ಬೆನ್ನುಮೂಳೆ ಪಕ್ಕ, ಒಂದು ಸಣ್ಣ ಬಿಳಿ ಎಳೆ ನಿಧಾನಕ್ಕೆ ಒಳಗೆ ಬಂತು. ಸೊಂಟದ ಕಡೆಯ ನಾಳದಿಂದ ವಾಪಸ್ ಹರೀತಿರೋ ರಕ್ತ, ಟೈಪ್ 2 ಲೀಕ್. "ಎಂತ ಡಾಕ್ಟ್ರೆ, ಸೋರ್ತಾ ಇದ್ಯಾ ಹೆಂಗೆ?" ಅಂದ್ರು. "ಸ್ವಲ್ಪ ಇದೆ ಯಜಮಾನ್ರೆ, ಗಾಬರಿ ಬೇಡ, ಗಂಟು ದಪ್ಪ ಆಗ್ತಿದ್ಯಾ ಅಂತ ನೋಡ್ತಾ ಇರ್ಬೇಕು" ಅಂದು ಕ್ಲಿಪ್ ಸಮೇತ ಸರ್ಜನ್‌ಗೆ ಕಳಿಸ್ದೆ.

ಕುತ್ತಿಗೆಯ ಕೆರೋಟಿಡ್‌ದು ಬೇರೆ ಲೆಕ್ಕ. ಲೀನಿಯರ್ ಪ್ರೋಬ್‌ನ ಜಾಸ್ತಿ ಫ್ರೀಕ್ವೆನ್ಸಿಗೆ ಈ ಗುಳ್ಳೆ ಅಷ್ಟಾಗಿ ಸ್ಪಂದಿಸಲ್ಲ, ಹಾಗಾಗಿ ಫ್ರೀಕ್ವೆನ್ಸಿ ಆದಷ್ಟು ಇಳಿಸಿ, ಇಲ್ಲಿ ಡೋಸ್ ಮಾತ್ರ ಸ್ವಲ್ಪ ಜಾಸ್ತಿ ಬೇಕಾಗುತ್ತೆ. ಇನ್ನೊಂದು, ನಾಳದ ಆಚೆ ಗೋಡೆಯ ಪ್ಲಾಕ್ (ಗೋಡೇಲಿ ಕಟ್ಟಿದ ಕೊಬ್ಬಿನ ಗಡ್ಡೆ) ಒಳಗೆ ಕಾಣೋ ಹೊಳಪನ್ನ ನಂಬ್ಬೇಡಿ, ಮಧ್ಯದ ಗುಳ್ಳೆಗಳನ್ನ ದಾಟಿ ಬರೋವಾಗ ಅಲೆಯೇ ಬದಲಾಗಿ ಅಲ್ಲಿ ಇಲ್ಲದ ಹೊಳಪು ಹುಟ್ಟುತ್ತೆ. ನಾನು ಕುತ್ತಿಗೆ ತಿರುಗಿಸಿ, ಪ್ರೋಬನ್ನ ಕುತ್ತಿಗೆಯ ಹಿಂಬದಿಯಿಂದ ಇಟ್ಟು, ಪ್ಲಾಕ್ ಈಚೆ ಗೋಡೆಗೆ ಬರೋ ಹಾಗೆ ಹಿಡಿದು ನೋಡ್ತೀನಿ, ಅಲ್ಲೂ ಹೊಳೆದ್ರೆ ಮಾತ್ರ ಪ್ಲಾಕ್ ಒಳಗೆ ರಕ್ತ ಓಡಾಡ್ತಿದೆ ಅಂತ ರಿಪೋರ್ಟ್‌ನಲ್ಲಿ ಬರೀತೀನಿ.